ಅಳತೆಗಂಬದ ಯಮನಪ್ಪ ದಂಡೆಯ ಎತ್ತರ ನೋಡಿದ್ದು

ಯಮನಪ್ಪ ಮೂವತ್ತೊಂದು ವರ್ಷ ಸರ್ವೆಯವರ ಹಿಂದೆ ಅಳತೆಗಂಬ ಹಿಡಿದು ನಿಂತವನು. ಬಾಗಲಕೋಟೆಯೊಳಗೆ ಘಟಪ್ರಭೆಯ ಹಿನ್ನೀರು ಎಲ್ಲಿಯವರೆಗೆ ಏರುತ್ತದೆಂದು ಗುರುತು ಹಾಕುವಾಗಲೂ ಕಂಬ ಅವನ ಕೈಯಲ್ಲೇ ಇತ್ತು. ದೂರದಲ್ಲಿ ಸಾಹೇಬರು ದುರ್ಬೀನಿಗೆ ಕಣ್ಣಿಟ್ಟು ಅಂಕಿ ಓದುತ್ತಿದ್ದರು. ಅದರೊಳಗೆ ಏನು ಕಾಣುತ್ತದೋ ನೋಡಬೇಕೆಂಬ ಆಸೆ ಇದ್ದೇ ಇತ್ತು. ಕೇಳಲು ಬಾಯಿ ಬರದೆ ನಿವೃತ್ತನಾದ.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಅವನ ಓಣಿಯ ಮುಂದೆ, ನೀರಿನ ದಂಡೆಗೆ, ಸುನೀಲಕುಮಾರ ಎಂಬ ವ್ಯಾಪಾರಿ ಐದಂತಸ್ತಿನ ಲಾಡ್ಜು ಕಟ್ಟಲು ಹೊರಟ. ನೀರು ಮರೆಯಾಗುತ್ತದೆ, ಮೂರಕ್ಕಿಂತ ಹೆಚ್ಚು ಅಂತಸ್ತು ಬೇಡವೆಂದು ಓಣಿಯವರು ಅರ್ಜಿ ಬರೆದರು. ಮೊದಲ ಸಹಿ ಯಮನಪ್ಪನದು.

ದಂಡೆಯ ಕಟ್ಟಡಗಳ ಎತ್ತರಕ್ಕೆ ನಿಯಮ ಬರೆಯುತ್ತಿದ್ದ ಎಂಜಿನಿಯರ್ ಆರಿಫಾ ಸಭೆ ಕರೆದು, "ಯಾರ ಮನಿಯಿಂದ ನೋಡಿದ್ರ ಏನು ಮರೆ ಆಗ್ತೈತಿ, ಹೇಳ್ರಿ" ಎಂದಳು. ಯಾರಿಗೂ ಗೊತ್ತಿರಲಿಲ್ಲ.

"ನೋಡೇ ಬಿಡೂಣ್ರಿ," ಎಂದ ಯಮನಪ್ಪ.

ಮರುದಿನ ಗಾಳಿ ಏಳುವ ಮುಂಚೆ ಜಾಗದ ನಾಲ್ಕೂ ಮೂಲೆಗೆ ಕೆಂಪು ಗ್ಯಾಸ್ ಬಲೂನು ಹಾರಿಸಿದರು. ದಾರಕ್ಕೆ ಹತ್ತಡಿಗೊಂದು ಗಂಟು. ಮೊದಲು ಐದಂತಸ್ತಿನ ಐವತ್ತಡಿ, ಆಮೇಲೆ ಮೂರಂತಸ್ತಿನ ಮೂವತ್ತು. ಯಮನಪ್ಪ ಒಂದೊಂದೇ ಮನೆಯ ಕಟ್ಟೆ ಹತ್ತಿ ನೋಡುತ್ತ ಹೋದ. ಅದೇ ಓಣಿಯ ಹನಮವ್ವನ ಬಾಗಿಲಲ್ಲಿ ಬೆರಗಾಗಿ ನಿಂತ. ಮೂರಂತಸ್ತು ಜಾಗದ ತುಂಬ ಅಡ್ಡಡ್ಡ ಹರಡಿಕೊಂಡರೆ ಒಂದು ಹನಿ ನೀರೂ ಕಾಣುವುದಿಲ್ಲ. ಎತ್ತರವಾದರೂ ಪಕ್ಕಕ್ಕೆ ಬಯಲು ಬಿಟ್ಟರೆ ನೀರೂ ಕಾಣುತ್ತದೆ, ಆಚೆ ದಂಡೆಯ ಗುಡ್ಡವೂ.

ಆರಿಫಾ ದುರ್ಬೀನಿನ ಯಂತ್ರವನ್ನು ನೆಲಕ್ಕೂರಿ, "ಬರ್ರಿ, ನೀವೂ ನೋಡ್ರಿ," ಎಂದಳು.

"ಅಂಕಿ ತಲೆಕೆಳಗ ಕಾಣ್ತಾವಂತಲ್ರಿ?"

"ಅದು ಹಳೇ ಯಂತ್ರದಾಗ," ಎಂದು ನಕ್ಕಳು.

ಯಮನಪ್ಪ ಕಣ್ಣಿಟ್ಟ. ಅಷ್ಟು ದೂರದ ದಾರದ ಗಂಟು ಕೈಗೆ ಸಿಗುವಷ್ಟು ಹತ್ತಿರ ಬಂದಿತ್ತು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಮುಂದಿನ ಸಭೆಯಲ್ಲಿ ಕಂಡದ್ದನ್ನೇ ಹೇಳಿದ. ಪಕ್ಕದ ಮನೆಯ ನಾಗಲಿಂಗ ಎದ್ದು ನಿಂತ. "ನೀ ಯಾರ ಕಡೆ ಅದಿಯೋ?"

"ಅರ್ಜಿಗೆ ಸಹಿ ಮಾಡಿದಾಗ ನಾ ನೋಡಿರಲಿಲ್ಲ, ನಾಗಲಿಂಗ. ಈಗ ನೋಡೇನಿ. ಬರೇ ಎತ್ತರ ಹಿಡಕೊಂಡು ಕುಂತ್ರ ಓಣಿ ಮುಂದ ಉದ್ದಕ ಗ್ವಾಡಿ ಬರ್ತೈತಿ."

ನಾಗಲಿಂಗ ತಿಂಗಳುಗಟ್ಟಲೆ ಮಾತು ಬಿಟ್ಟ. ಸುನೀಲಕುಮಾರನೂ ಗೊಣಗಿದ, ಆದರೆ ಬಯಲಿನ ಕಡೆಯ ಕೋಣೆಗಳಿಗೂ ನೀರು ಕಾಣುತ್ತದೆಂದು ಆರಿಫಾ ನಕ್ಷೆ ತೋರಿಸಿದ ಮೇಲೆ ಒಪ್ಪಿದ. ನಾಲ್ಕಂತಸ್ತು, ಓಣಿಯ ನೇರಕ್ಕೆ ನಲವತ್ತಡಿ ಬಯಲು ಎಂದು ತೀರ್ಮಾನವಾಯಿತು. ಯಮನಪ್ಪನ ಮನೆ ಆ ನೇರದಲ್ಲಿರಲಿಲ್ಲ. ಲಾಡ್ಜು ಎದ್ದ ಮೇಲೆ ಅವನು ನೀರು ನೋಡಲು ಹನಮವ್ವನ ಕಟ್ಟೆಗೆ ಹೋಗಬೇಕು. ಹೋಗುತ್ತಾನೆ, ಚಹಾನೂ ಸಿಗುತ್ತದೆ.

ಅಷ್ಟಕ್ಕೇ ಸುಮ್ಮನಾಗಲಿಲ್ಲ. ನೀರಿನ ಕಡೆಯಿಂದ ಊರು ಹೇಗೆ ಕಾಣುತ್ತದೆಂಬ ಹುಳ ತಲೆಗೆ ಹೊಕ್ಕಿತು. ಒಂದು ಮುಂಜಾನೆ ಮೀನುಗಾರ ಮತೀನನ ಹರಗೋಲು ಹತ್ತಿ ನಡುನೀರಿಗೆ ಹೋದ. ಹುಟ್ಟಿದೂರನ್ನು ಆ ಮಗ್ಗಲಿನಿಂದ ಅವನು ನೋಡಿದ್ದು ಅದೇ ಮೊದಲು.

"ಅದು ಯಾವ ಓಣಿಲೇ, ಅಲ್ಲಿ ಲಾಡ್ಜಿನ ಮಗ್ಗಲಕ್ಕ ಸಂದಿ ಕಾಣ್ತೈತಲ್ಲ?"

"ನಿಮ್ದ ಐತಿ, ಕಾಕಾ."

ಯಮನಪ್ಪ ಹಣೆಗೆ ಕೈ ಅಡ್ಡ ಹಿಡಿದು, "ಇನ್ನೊಂಚೂರು ಆ ಕಡಿ ಹೊಡಿ, ನೋಡೂಣು," ಎಂದ.