ತಪ್ಪಿದರೆ ಮೊದಲಿಂದ

ಮೊನ್ನೆ ಗಿರಣಿಯಿಂದ ಜೋಳ ಬೀಸಿಸಿಕೊಂಡು ಬಂದೆ. ಡಬ್ಬಿಯ ಮುಚ್ಚಳ ತೆಗೆದಾಗ ಹಿಟ್ಟು ಇನ್ನೂ ಬೆಚ್ಚಗಿತ್ತು. ಸೊಸೆ ಅದನ್ನು ಹಿಟ್ಟು ಕಲಸುವ ಅಗಲ ಪರಾತಕ್ಕೆ ಸುರಿದು, ನೀರು ಕಾಯಲಿಡಲು ಒಲೆಯ ಕಡೆ ತಿರುಗಿದಳು. ಆ ಬೆಚ್ಚನೆಯ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಬೆರಳು ತಾನಾಗಿಯೇ ಪರಾತದೊಳಗೆ ಇಳಿಯಿತು. ಪರಾತವನ್ನು ಒಮ್ಮೆ ಅಲುಗಿಸಿ ಹಿಟ್ಟು ಸಪಾಟು ಮಾಡಿ ಒಂದು 'ಅ' ಬರೆದೆ. ನಿವೃತ್ತ ಮಾಸ್ತರನೊಬ್ಬ ಅಡುಗೆಮನೆಯಲ್ಲಿ ಕುಳಿತು ಮಾಡುವ ಕೆಲಸವಲ್ಲ ಅದು.

"ಮಾವಾರ, ಹಿಟ್ಟಿನ್ಯಾಗ ಅದೇನ್ರಿ?" ಎಂದು ಸೊಸೆ ನಕ್ಕಳು.

ಏನಿಲ್ಲ ಎಂದೆ. ಏನಿಲ್ಲ ಎಂದುಬಿಡುವುದು ನನಗೆ ಮೊದಲಿನಿಂದಲೂ ಸುಲಭ…

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಮಸ್ಕಿಯಲ್ಲಿ ಮನೆ ಮಾಡಿಕೊಂಡು, ಲಿಂಗಸುಗೂರು ರಸ್ತೆಯಿಂದ ಒಳಗಿದ್ದ ಒಂದು ಊರಿನ ಶಾಲೆಗೆ ಹೋಗಿಬರುತ್ತಿದ್ದೆ. ಏಳು ತರಗತಿ, ಎರಡು ಕೋಣೆ, ಇಬ್ಬರು ಮಾಸ್ತರರು. ಆಟೊದಲ್ಲಿ ಹತ್ತು ಮಂದಿಯ ನಡುವೆ ಒತ್ತಿಕೊಂಡು ಹೋಗುವಾಗಲೇ ಅರ್ಧ ದಣಿದಿರುತ್ತಿದ್ದೆ. ಉಳಿದರ್ಧ ಶಕ್ತಿ ಹಾಜರಿ ಹಾಕುವಷ್ಟರಲ್ಲಿ ಮುಗಿಯುತ್ತಿತ್ತು. ಪ್ರತಿ ವರ್ಷ ಶಾಲೆಗೆ ಬಾರದ ಮಕ್ಕಳನ್ನು ಹುಡುಕುವ ಸಮೀಕ್ಷೆಯೊಂದು ಬರುತ್ತಿತ್ತು. ಆ ವರ್ಷ ನನ್ನ ಪಟ್ಟಿಯಲ್ಲಿ ಒಂದೇ ಮನೆಯ ನಾಲ್ಕು ಮಕ್ಕಳಿದ್ದರು.

ಹಿಟ್ಟಿನ ಗಿರಣಿಯ ಮನೆ ಅದು. ಹತ್ತಿ ಬಿಡಿಸಲಿಕ್ಕೋ ದನ ಕಾಯಲಿಕ್ಕೋ ಹೋಗಿರುತ್ತಾರೆ ಎಂದುಕೊಂಡು ಹೋದರೆ, ನಾಲ್ಕೂ ಮಕ್ಕಳು ಅಡುಗೆಮನೆಯಲ್ಲಿ ಸಾಲಾಗಿ ಕುಳಿತಿದ್ದರು. ದೊಡ್ಡವಳಿಗೆ ಹದಿನಾಲ್ಕು ಇರಬೇಕು. ಅವಳ ಕೆಳಗೆ ಹನ್ನೊಂದರ ಹುಡುಗ, ಎಂಟರ ಹುಡುಗಿ, ಕೊನೆಗೆ ಐದು ವರ್ಷದ ಗುಂಡನೆಯ ಪೋರ. ಅವನ ಮುಂದೆ ಪರಾತದಲ್ಲಿ ಜೋಳದ ಹಿಟ್ಟು ಹರಡಿತ್ತು. ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಊರವರು ಅರ್ಧ ತಮಾಷೆಗೆ, ಅರ್ಧ ಗೌರವಕ್ಕೆ ಆಕೆಯನ್ನು 'ಅಕ್ಕೋರು' ಎನ್ನುತ್ತಿದ್ದರು. ಶಾಲೆಯಲ್ಲಿ ಕಲಿಸುವ ಹೆಂಗಸನ್ನು ನಮ್ಮ ಕಡೆ ಹಾಗೆ ಕರೆಯುವುದು. ಆಕೆ ಯಾವ ಶಾಲೆಯ ಟೀಚರೂ ಆಗಿರಲಿಲ್ಲ.

"ಉಸುಕಿನ್ಯಾಗ ಬರಸ್ರಿ, ಹಿಟ್ಟು ಯಾಕ?" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಉಸುಕು ಕಣ್ಣಾಗ ಬೀಳತೈತ್ರಿ ಮಾಸ್ತರ್ರ. ಹಿಟ್ಟು ಬಾಯಾಗ ಬಿದ್ರೂ ಚಿಂತಿಲ್ಲ," ಎಂದಳು.

ಸಂತೆಕಲ್ಲೂರು ಕಡೆ ಆಕೆಯ ಅಜ್ಜ ಹಿಂದಿನ ಕಾಲದ ಕೂಲಿಮಠ ನಡೆಸುತ್ತಿದ್ದರಂತೆ. ಮನೆಯ ಪಡಸಾಲೆಯಲ್ಲೇ ಊರ ಮಕ್ಕಳನ್ನು ಕೂಡಿಸಿಕೊಂಡು ಮಗ್ಗಿ, ವಚನ, ಲೆಕ್ಕ ಹೇಳಿಕೊಡುವ ಪಾಠಶಾಲೆ. ಈಕೆ ಸಣ್ಣವಳಿದ್ದಾಗ ಅಲ್ಲಿ ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕಿವಿಯಿಂದಲೇ ಕಲಿತಿದ್ದಳು. ದೊಡ್ಡ ಮಗಳನ್ನು ಒಂದು ವರ್ಷ ಶಾಲೆಗೆ ಕಳಿಸಿ ನೋಡಿದಳಂತೆ. "ಮನ್ಯಾಗ ಕಲಿತದ್ದೂ ಮರತು ಬಂದ್ಲು ರೀ" ಎಂದಳು. ಅದು ನಾನು ಆ ಊರಿಗೆ ಬರುವ ಮೊದಲಿನ ವರ್ಷ ಎಂದು ಗೊತ್ತಾದ ಮೇಲೆ ನನ್ನ ಸಿಟ್ಟು ಇಳಿಯಿತು.

ಆ ಅಡುಗೆಮನೆಯ ವೇಳಾಪಟ್ಟಿ ಇದ್ದದ್ದು ಕರೆಂಟಿನವರ ಕೈಯಲ್ಲಿ. ಕರೆಂಟ್ ಇದ್ದಷ್ಟು ಹೊತ್ತು ಗೋಡೆಯಾಚೆ ಗಿರಣಿ ಗುಡುಗುತ್ತಿತ್ತು. ಮಾತು ಕೇಳುತ್ತಿರಲಿಲ್ಲವಾದ್ದರಿಂದ ಆಗ ಬರವಣಿಗೆ. ಕರೆಂಟ್ ಹೋಗಿ ಗಿರಣಿ ಸುಮ್ಮನಾದ ಕೂಡಲೇ ಪಾಟಿ ಕೆಳಗಿಟ್ಟು ಬಾಯಿಪಾಠ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಸರಿಯಾಗಿ ಮುಕ್ಕಾಲಿನ ಮಗ್ಗಿ, ಒಂದೂಕಾಲಿನ ಸವಾಯಿ ಮಗ್ಗಿ ಹೊರಡುತ್ತಿದ್ದವು. ನನಗೇ ಬಾರದ ಮಗ್ಗಿಗಳು ಅವು. ಊರೆಲ್ಲ ಕರೆಂಟಿನವರಿಗೆ ಶಾಪ ಹಾಕುವ ಹೊತ್ತಿನಲ್ಲಿ ಆ ಮನೆಯೊಂದರಲ್ಲಿ ಹಾಡಿನಂಥ ದನಿ ಕೇಳುತ್ತಿತ್ತು.

ನಾಲ್ಕು ವಯಸ್ಸಿನ ಮಕ್ಕಳಿಗೆ ಒಟ್ಟಿಗೆ ಹೇಗೆ ಕಲಿಸುತ್ತೀರಿ ಎಂದು ಕೇಳಿದ್ದೆ. ಏಳು ತರಗತಿಯ ನಡುವೆ ಸಿಕ್ಕಿಕೊಂಡ ನನಗೆ ಅದು ನಿಜವಾಗಿಯೂ ಬೇಕಾಗಿತ್ತು.

"ನಾಕು ಪಾಠ ಮಾಡಾಕ ನನಗ ನಾಕು ಬಾಯಿ ಅದಾವೇನ್ರಿ? ಎಲ್ಲಾರಿಗೂ ಒಂದ ಪಾಠ. ಸಣ್ಣಾಂವ ಬಾಯಿಲೆ ಹೇಳತಾನ. ನಡುವಿನವು ಎರಡೂ ಯಾಕ, ಹೆಂಗ ಅಂತ ಕೇಳತಾವ. ದೊಡ್ಡಾಕಿ ತಿಳಿಸಿ ಹೇಳತಾಳ. ಹೇಳಾಕ ಬರಲಿಲ್ಲಂದ್ರ ಆಕಿಗೂ ತಿಳಿದಿಲ್ಲಂತ ಲೆಕ್ಕ."

ಅದನ್ನು ಕಣ್ಣಾರೆ ಕಂಡೆ. ಒಂದು ವಚನ ತೆಗೆದುಕೊಂಡರು. ಸಣ್ಣವನು ತಲೆ ಆಡಿಸುತ್ತ ಒಪ್ಪಿಸಿದ. ಅರ್ಥ ಅವನಿಗೆ ಎಷ್ಟು ಗೊತ್ತಿತ್ತೋ, ನನ್ನ ಬೂಟಿಗೂ ಅಷ್ಟೇ ಗೊತ್ತಿತ್ತು. ಎಂಟರ ಹುಡುಗಿ ಕಠಿಣ ಶಬ್ದ ಬಿಡಿಸಿದಳು. ಹನ್ನೊಂದರವನು ಇದು ಹೇಗೆ ಸಾಧ್ಯ ಎಂದು ತಕರಾರು ತೆಗೆದ. ದೊಡ್ಡವಳು ಅವನ ಮುಖ ನೋಡುತ್ತ, ಅವಸರವಿಲ್ಲದೆ, ಅವನು ಸುಮ್ಮನಾಗುವವರೆಗೆ ತಿಳಿಸಿ ಹೇಳಿದಳು. ಅಕ್ಕೋರು ಹಂಚಿನ ಮೇಲಿನ ಕಣ್ಣು ತೆಗೆಯಲೇ ಇಲ್ಲ. ಯಾರಾದರೂ ತಪ್ಪಿದರೆ ಮಾತ್ರ, ನೀರು ಕೊಡು ಎನ್ನುವಷ್ಟು ಸಾದಾ ದನಿಯಲ್ಲಿ, "ಮೊದಲಿಂದ" ಎನ್ನುತ್ತಿದ್ದಳು. ಬೈಗುಳವಿಲ್ಲ, ಏಟಿಲ್ಲ. ತಪ್ಪಿದ ಮಗು ತಿರುಗಿ ಮೊದಲ ಅಕ್ಷರದಿಂದ ಶುರು ಮಾಡುತ್ತಿತ್ತು.

ಸಮೀಕ್ಷೆಯ ಕಾಗದದಲ್ಲಿ ಮನೆಯಲ್ಲಿ ಕಲಿಯುವ ಮಕ್ಕಳಿಗೆ ಕಾಲಂ ಇರಲಿಲ್ಲ. ನಾಲ್ಕು ಹೆಸರಿನ ಮುಂದೆ 'ಊರಲ್ಲಿಲ್ಲ' ಎಂದು ಬರೆದೆ. ನೌಕರಿಯಲ್ಲಿ ನಾನು ಬರೆದ ಸುಳ್ಳುಗಳಲ್ಲಿ ಅದೊಂದರ ಬಗ್ಗೆ ನನಗೆ ನಾಚಿಕೆಯಿಲ್ಲ.

ಅಲ್ಲಿಂದ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವರ ಮನೆಗೆ ಹೋಗುವುದು ರೂಢಿಯಾಯಿತು. ಹೋದ ಕೂಡಲೇ ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿ. ಆಕೆಯ ಪದ್ಧತಿಯನ್ನು ನನ್ನ ಶಾಲೆಯಲ್ಲೂ ಪ್ರಯೋಗ ಮಾಡಿದೆ. ಹದಿನೈದು ದಿನ ನಡೆಯಿತು. ಆಮೇಲೆ ನನ್ನ ತಾಳ್ಮೆ ಮುಗಿದು ಮತ್ತೆ ಹಳೇ ದಾರಿ ಹಿಡಿದೆ. ಆಕೆಯೂ ದಣಿಯುತ್ತಿದ್ದಳು. ಒಮ್ಮೊಮ್ಮೆ ಕೈಯಲ್ಲಿ ಹಿಟ್ಟಿನ ಉಂಡೆ ಹಿಡಿದುಕೊಂಡೇ ತೂಕಡಿಸುತ್ತಿದ್ದಳು. "ಸಾಕಾಗೈತ್ರಿ ಮಾಸ್ತರ್ರ… ಆದ್ರ ನಾ ದಣಿದೀನಂತ ಇವು ಬೆಳಿಯೂದು ನಿಲ್ಲಸ್ತಾವೇನು?" ಎನ್ನುತ್ತಿದ್ದಳು.

ಗಿರಣಿ ನಡೆಸುತ್ತಿದ್ದ ಆಕೆಯ ಗಂಡನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. ಕೆಟ್ಟ ಮನುಷ್ಯನಲ್ಲ. ಬೀಸಿಸಲು ಬಂದವರೆಲ್ಲ ನಿನ್ನ ಮಕ್ಕಳು ಯಾವ ಕ್ಲಾಸು ಎಂದು ಕೇಳಿದಾಗ ಅವನಿಗೆ ಉತ್ತರವಿರುತ್ತಿರಲಿಲ್ಲ, ಅಷ್ಟೇ. ಒಂದು ಶನಿವಾರ ನನ್ನ ಎದುರಿಗೇ ಹೇಳಿಬಿಟ್ಟ.

"ಮಾಸ್ತರ್ರ, ದೊಡ್ಡಾಕಿ ಹತ್ತನೇತ್ತ ಪರೀಕ್ಷಾ ಕುಂದರಲಿ. ಒಮ್ಮಿಗೇ ಪಾಸಾದ್ರ ಉಳಿದ ಮೂರೂ ಮನ್ಯಾಗ ಕಲೀಲಿ, ನಾ ಉಸರೆತ್ತಂಗಿಲ್ಲ. ಫೇಲಾದ್ರ ಮೂರೂ ಸಾಲಿಗೆ. ಆಮ್ಯಾಲ ಇಕಿ ಉಸರೆತ್ತಬಾರದು."

ಅಕ್ಕೋರು ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, "ಆಗಲಿ" ಎಂದಳು.

ಖಾಸಗಿಯಾಗಿ ಪರೀಕ್ಷೆ ಬರೆಸುವ ಅರ್ಜಿ, ಪಠ್ಯಪುಸ್ತಕ, ಎಲ್ಲ ನಾನೇ ಓಡಾಡಿ ತಂದೆ. ಪುಸ್ತಕ ಕೈಗೆ ಬಂದಾಗ ಪರೀಕ್ಷೆಗೆ ಆರು ತಿಂಗಳೂ ಇರಲಿಲ್ಲ. ಗಣಿತ ಹುಡುಗಿಗೆ ನೀರು ಕುಡಿದಷ್ಟು ಸುಲಭ, ಕನ್ನಡ ಅದಕ್ಕಿಂತ ಸುಲಭ. ಉಳಿದ ವಿಷಯಗಳನ್ನು ಪಾಸಿಗಾಗುವಷ್ಟು ನಾನೇ ಹೇಳಿಕೊಟ್ಟೆ. ತೊಡಕಾದದ್ದು ಸಮಾಜ ವಿಜ್ಞಾನ. ಅಕ್ಕೋರು ಅದನ್ನೂ ತನ್ನ ಪದ್ಧತಿಯಲ್ಲೇ ಹಿಡಿದಳು. ಒಂದು ಪಾಠ, ಅದರ ಮೇಲೆ ಹತ್ತು ಯಾಕೆ, ಹತ್ತು ಹೇಗೆ, ತಮ್ಮ ತಂಗಿಯರ ತಕರಾರು, ದೊಡ್ಡವಳ ಉತ್ತರ. ಒಂದು ಪಾಠಕ್ಕೆ ಎರಡು ವಾರ ಹಿಡಿಯಿತು. ಪುಸ್ತಕದ ದಪ್ಪ ನೋಡಿ ಉಳಿದ ವಾರಗಳನ್ನು ಬೆರಳಲ್ಲಿ ಎಣಿಸಿದೆ.

"ಅಕ್ಕೋರ, ಯಾಕ ಹೆಂಗ ಎಲ್ಲಾ ಬಿಡ್ರಿ ಈಗ. ವ್ಯಾಳ್ಯಾ ಇಲ್ಲ. ಬರೇ ಬಾಯಿಪಾಠ ಮಾಡಿಸ್ರಿ, ಪಾಸಾಗತಾಳ," ಎಂದೆ.

ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ತಿಳೀದ ಬಾಯಿಪಾಠ ಮಾಡೂದು ಸಣ್ಣಾವರ ಕೆಲಸ ರೀ. ದೊಡ್ಡಾಕಿಗೆ ಆಗತೈತೇನು?" ಎಂದು ಕೇಳಿದಳು.

ನಾನು ಮಾಸ್ತರ, ಎಷ್ಟೋ ಮಕ್ಕಳನ್ನು ಪಾಸು ಮಾಡಿಸಿದವನು. ಆಗತೈತಿ ಎಂದೆ.

ಆಕೆ ಒಪ್ಪಿದಳು. ಅಂದಿನಿಂದ ಆ ಅಡುಗೆಮನೆಯಲ್ಲಿ ತಕರಾರು ನಿಂತವು. ಪುಸ್ತಕದ ಸಾಲುಗಳನ್ನು ದೊಡ್ಡವಳು ಮೊದಲಿನಿಂದ ಕೊನೆಯವರೆಗೆ ಒಪ್ಪಿಸುತ್ತಿದ್ದಳು. ತಪ್ಪಿದರೆ ಮೊದಲಿಂದ. ಚಿಕ್ಕವರು ಮೂವರೂ ಸುಮ್ಮನೆ ಕುಳಿತು ಅಕ್ಕನ ಬಾಯಿ ನೋಡುತ್ತಿದ್ದರು.

ಪರೀಕ್ಷೆ ಲಿಂಗಸುಗೂರಿನಲ್ಲಿ. ಸಮಾಜ ವಿಜ್ಞಾನದ ದಿನ ನಾನೂ ರಜೆ ಹಾಕಿ ಹೋಗಿದ್ದೆ. ಅಕ್ಕೋರು ಬೇವಿನ ಗಿಡದ ಕೆಳಗೆ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಮೂರು ತಾಸು ಕುಳಿತಿದ್ದಳು. ತುಟಿಗಳು ಅಲುಗುತ್ತಿದ್ದವು. ಮಗಳ ಜೊತೆ ತಾನೂ ಪಾಠ ಒಪ್ಪಿಸುತ್ತಿದ್ದಳೋ ಏನೋ… ಗಂಟೆ ಹೊಡೆಯಿತು. ಹುಡುಗಿ ಹೊರಗೆ ಬಂದದ್ದನ್ನು ನೋಡಿದ ಕೂಡಲೇ ನನಗೆ ತಿಳಿಯಿತು.

"ಅರ್ಧಾ ಉಳಿದುವು ರೀ ಸರ್ರ," ಎಂದಳು. "ಪ್ರಶ್ನಿ ಪಾಠದ ನಡುವಿಂದು ಇದ್ದುವು. ನಡುವಿಂದು ನನಗ ನೆನಪಿಗೇ ಬರಲಿಲ್ಲ. ಪಾಠ ಮೊದಲಿಂದ ಬರಕೋತ ಹೋದೆ. ಒಂದು ಸಾಲು ತಪ್ಪಿತು. ಹೊಡದು ಹಾಕಿ ಮತ್ತ ಮೊದಲಿಂದ ಬರದೆ."

ಅಕ್ಕೋರು ಬುತ್ತಿ ಬಿಚ್ಚಿ ಮಗಳ ಕೈಗೆ ರೊಟ್ಟಿ ಕೊಟ್ಟಳು. ನನಗೂ ಒಂದು ಕೊಟ್ಟಳು. ಆ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕುಳಿತೆ. ತಿಳಿದು ಕಲಿತಿದ್ದರೆ ಪಾಠದ ಯಾವ ಮೂಲೆಯಿಂದ ಕೇಳಿದರೂ ಹೇಳುತ್ತಿದ್ದ ಹುಡುಗಿ ಅದು. ಯಾಕೆ, ಹೇಗೆ ಬಿಡಿ ಎಂದವನು ನಾನು.

ಆ ಒಂದು ವಿಷಯದಲ್ಲಿ ಫೇಲಾದಳು. ಮರುಪರೀಕ್ಷೆಗೆ ಅಕ್ಕೋರು ಅದೇ ಪುಸ್ತಕವನ್ನು ತನ್ನ ಪದ್ಧತಿಯಲ್ಲಿ ಹಗಲೆಲ್ಲ ಕುಳಿತು ತಿಳಿಸಿದಳು, ಹುಡುಗಿ ಪಾಸೂ ಆದಳು. ಆದರೆ ಗಿರಣಿಯವನ ಕರಾರು 'ಒಮ್ಮಿಗೇ ಪಾಸಾದ್ರ' ಎಂದಾಗಿತ್ತು.

ಶಾಲೆ ಶುರುವಾದ ವಾರವೇ ಅಕ್ಕೋರು ಮೂವರನ್ನೂ ಕರೆದುಕೊಂಡು ಬಂದಳು. ಮೂರೂ ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ನಾನು ದಾಖಲಾತಿ ಪುಸ್ತಕ ತೆರೆದೆ. ಹೆಡ್ಮಾಸ್ತರರು ಪಕ್ಕದಲ್ಲೇ ಇದ್ದರು. "ಏನಮ್ಮಾ, ಕಡೀಗೆ ಸಾಲೀನ ಬೇಕಾತಲ್ಲ?" ಎಂದು ಅವರು ನಕ್ಕರು.

"ನಾ ತಪ್ಪಿದೆ ರೀ," ಎಂದಳು ಆಕೆ. "ಮೊದಲಿಂದ ಶುರು ಮಾಡೂನಂದ್ರ ಮಕ್ಕಳು ಸಣ್ಣಾವು ಆಗೂದಿಲ್ಲಲ್ರಿ."

ಆಗ ನಾನು ಬಾಯಿ ಬಿಡಬೇಕಿತ್ತು. ತಪ್ಪಿದ್ದು ಈಕೆ ಅಲ್ಲ, ನಾನು ಎನ್ನಬೇಕಿತ್ತು. ಗಿರಣಿಗೆ ಹೋಗಿ ಅವಳ ಗಂಡನಿಗೂ ಹೇಳಬೇಕಿತ್ತು. ಹೇಳಿದ್ದರೆ ಅವನು ಕೇಳುತ್ತಿದ್ದ, ಮಾಸ್ತರನ ಮಾತಿಗೆ ಬೆಲೆ ಕೊಡುವ ಮನುಷ್ಯ ಅವನು. ನಾನು ತಲೆ ಬಗ್ಗಿಸಿ ಮೂರು ಹೆಸರು ಬರೆದುಕೊಂಡೆ. ಪೆನ್ನು ಎರಡು ಸಲ ನಿಂತಿತು, ಜಾಡಿಸಿ ಬರೆದೆ. ಆಕೆ ಹೊಸ್ತಿಲಲ್ಲಿ ನಿಂತು ಒಮ್ಮೆ ನನ್ನ ಕಡೆ ನೋಡಿ ಹೋದಳು.

ಸಣ್ಣವನು ನನ್ನ ಕ್ಲಾಸಿನಲ್ಲೇ ಕುಳಿತ. ಮೊದಲ ದಿನ ಮಗ್ಗಿ ಕೇಳಿದೆ. ನಡುವೆ ತಪ್ಪಿದ. ಯಾರೂ ಹೇಳದೆ ತಾನೇ ಮತ್ತೆ ಮೊದಲಿಂದ ಶುರು ಮಾಡಿದ. ಕ್ಲಾಸೆಲ್ಲ ನಕ್ಕಿತು. "ಇರಲಿ ಬಿಡೋ, ಮುಂದಿಂದು ಹೇಳು" ಎಂದೆ. ಅವನು ಗೊಂದಲದಿಂದ ನನ್ನ ಮುಖ ನೋಡಿದ. ದಸರೆಯ ಹೊತ್ತಿಗೆ ಅವನೂ ಎಲ್ಲರಂತೆ ಆಗಿದ್ದ. ತಪ್ಪಿದ್ದನ್ನು ದಾಟಿ ಮುಂದೆ ಹೋಗುವುದನ್ನು ಚೆನ್ನಾಗಿ ಕಲಿತಿದ್ದ.

ಶನಿವಾರಗಳಂದು ನಾನು ಅವರ ಓಣಿಯನ್ನು ಬಿಟ್ಟು ಸುತ್ತು ಹಾಕಿ ಆಟೊ ಹಿಡಿಯತೊಡಗಿದೆ. ಮರುವರ್ಷ ಗೊರೇಬಾಳದ ಕಡೆಗೆ ವರ್ಗ ಕೇಳಿಕೊಂಡೆ, ಸಿಕ್ಕಿತು. ಕಾಲುವೆ ನೀರು, ಭತ್ತದ ಗದ್ದೆ, ಬೇರೆ ಮಂದಿ. ಮರೆಯಲು ಎಲ್ಲ ಅನುಕೂಲವೂ ಇತ್ತು.

ಹೋದ ವರ್ಷ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸೊಬ್ಬಳು ಬಂದು ನನ್ನ ಕಾಲು ಮುಟ್ಟಿದಳು. ಆ ದೊಡ್ಡ ಮಗಳು. ಮುಕ್ಕುಂದದ ಕಡೆ ಕೊಟ್ಟಿದ್ದಾರಂತೆ, ಇಬ್ಬರು ಮಕ್ಕಳಂತೆ. ಅವ್ವ ಹೆಂಗದಾಳ ಎಂದು ಕೇಳಿದೆ. ತೀರಿಕೊಂಡು ಎರಡು ವರ್ಷವಾಯಿತು ಎಂದಳು.

ಪಕ್ಕದ ಕಲ್ಲಿನ ಬೆಂಚಿನ ಮೇಲೆ ಕುಳಿತೆ. ಆ ಗದ್ದಲದ ನಡುವೆ, ಬಸ್ಸುಗಳ ಹಾರನ್ನಿನ ನಡುವೆ, ಅಷ್ಟು ವರ್ಷ ಹೇಳದ್ದನ್ನು ಹೇಳಿದೆ. ನಿನ್ನ ಅವ್ವನದಲ್ಲ, ನನ್ನ ತಪ್ಪು ಅದು ಎಂದೆ.

"ಅವ್ವಗ ಗೊತ್ತಿತ್ತು ರೀ ಸರ್ರ," ಎಂದಳು. "ಭಾಳ ವರ್ಷದ ಮ್ಯಾಲ ಅಪ್ಪಗ ಗೊತ್ತಾಗಿ ನಿಮ್ಮ ಹೆಸರು ತಗದು ಬೈದಾಗ, 'ಅವರು ಹೇಳಿದ್ದು ಖರೆ, ಆದ್ರ ಒಪ್ಪಿದಾಕಿ ನಾ ಅಲ್ಲೇನು' ಅಂದ್ಲು. ನಿಮ್ಮನ್ನ ಎಂದೂ ಬೈಲಿಲ್ಲ ರೀ ಆಕಿ. ಆದ್ರ…"

"ಆದ್ರ ಏನವ್ವ?"

"ನೀವು ಒಮ್ಮಿ ಬರತೀರಿ ಅಂದಕೊಂಡಿದ್ಲು ರೀ. ಶನಿವಾರ ಒಂದು ರೊಟ್ಟಿ ಹೆಚ್ಚಿಗಿ ಬಡೀತಿದ್ಲು. ಭಾಳ ದಿನ…"

ಅವಳ ಬಸ್ಸು ಬಂತು. ಹೋಗಿ ಬರತೀನ್ರಿ ಸರ್ರ ಎಂದು ಹತ್ತಿದಳು. ನನ್ನ ಬಸ್ಸು ಬಂದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಮೊನ್ನೆ ಸೊಸೆ ಕುದಿಯುವ ನೀರು ತಂದು ಪರಾತಕ್ಕೆ ಸುರಿದಳು. ನನ್ನ 'ಅ' ಹಿಟ್ಟಿನಲ್ಲಿ ಕಲಸಿಹೋಯಿತು. ಅವಳು ರೊಟ್ಟಿ ಬಡಿಯತೊಡಗಿದಾಗ, ಅಕ್ಕೋರ ಮನೆಯಲ್ಲಿ ಕೇಳಿ ಕೇಳಿ ಕಿವಿಯಲ್ಲಿ ಉಳಿದಿದ್ದ ಸವಾಯಿ ಮಗ್ಗಿಯನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಏಳರ ಹತ್ತಿರ ತಪ್ಪಿದೆ. ಮೊದಲಿಂದ ಎನ್ನುವವರು ಯಾರೂ ಇರಲಿಲ್ಲ. ತಟ್ಟೆಗೆ ಬಂದ ರೊಟ್ಟಿ ಬಿಸಿಯಾಗಿತ್ತು, ಮೇಲೆ ಶೇಂಗಾ ಚಟ್ನಿ. ದಿನಾ ಎರಡು ತಿನ್ನುವವನು ಒಂದು ತಿಂದು, ಇನ್ನೊಂದನ್ನು ಬುಟ್ಟಿಯಲ್ಲೇ ಉಳಿಸಿ ಕೈ ತೊಳೆದೆ. ಯಾಕ್ರಿ ಮಾವಾರ, ಏನಾತ್ರಿ ಎಂದು ಸೊಸೆ ಕೇಳಿದಳು.

ಇವತ್ತು ಶನಿವಾರ ಅಲ್ಲವೇನವ್ವ ಎಂದೆ.