ಒಂದೇ ಸಲ ಕೇಳುವ ಊರು

ಇಂದು ದುಮ್ಮವಾಡದ ಮಗಳ ಮನೆಯ ಅಂಗಳದಲ್ಲಿ ಕಾಲಿಟ್ಟೊಡನೆ ಹುರಿದ ಶೇಂಗಾದ ವಾಸನೆ ಮೂಗಿಗೆ ಬಡಿಯಿತು. ಮಗಳು ಗಂಗಾ ಮತ್ತು ಅಳಿಯ ಮುಂದಿನ ವಾರ ವಿಯೆನ್ನಾಕ್ಕೆ ಹೊರಟಿದ್ದಾರೆ. ಅದಕ್ಕಾಗಿ ಚಟ್ನಿಯ ಸಿದ್ಧತೆ. ಆ ಊರಿನ ಹೆಸರು ಕೇಳಿದರೆ ಉಳಿದವರಿಗೆ ಅರಮನೆಗಳು ನೆನಪಾಗಬಹುದು. ನನಗೆ ನೆನಪಾಗುವುದು ಹಸಿವು.

ಕೆಲವು ವರ್ಷಗಳ ಹಿಂದೆ ನಾನೂ ನನ್ನಾಕೆಯೂ ಗಂಗಾಳ ಮಾವ, ಅಂದರೆ ನನ್ನ ಬೀಗರಾದ ವೀರಪ್ಪನವರೊಡನೆ ಅಲ್ಲಿಗೆ ಹೋಗಿದ್ದೆವು. ನಮ್ಮ ಕಡೆಯ ಪಂಕ್ತಿಯಲ್ಲಿ ನೀವು ಎಂದಾದರೂ ಕುಳಿತಿದ್ದರೆ ಅದರ ಶಿಸ್ತು ನಿಮಗೆ ಗೊತ್ತು. ಬಡಿಸುವವರು ಬಂದರೆ ಮೊದಲು ಬೇಡವೆನ್ನಬೇಕು. ಮತ್ತೆ ಬಂದರೆ ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು. ಅವರು ಆಣೆ ಹಾಕಿ ಬೆರಳ ಸಂದಿಯಲ್ಲೇ ಬಡಿಸಿದ ಮೇಲೆ ಸ್ವಲ್ಪ ಗದರಿ ಉಣ್ಣಬೇಕು. ಹಸಿದವನು ಮಾನವಂತನಾಗಿಯೂ ಉಳಿಯಲು ನಮ್ಮ ಹಿರಿಯರು ಕಂಡುಕೊಂಡ ದಾರಿಯಿದು.

ವಿಯೆನ್ನಾದ ಹೋಟೆಲಿನಲ್ಲಿ ಕರಿಕೋಟಿನ ವೇಟರ್ ಬೆಣ್ಣೆಯಲ್ಲಿ ಹುರಿದ ಬಟಾಟೆಯ ಪಾತ್ರೆ ಹಿಡಿದು ಬಂದು, ಇನ್ನಷ್ಟು ಬೇಕೇ ಎಂದು ಸನ್ನೆ ಮಾಡಿದ. ನಾನು ನನ್ನೂರು ಕುಬಿಹಾಳದಲ್ಲಿ ಕಲಿತ ಮರ್ಯಾದೆಯಂತೆ ಕೈ ಅಡ್ಡ ಹಿಡಿದೆ. ಆತ ವಿನಯದಿಂದ ತಲೆಬಾಗಿ ಪಾತ್ರೆಯನ್ನು ಒಯ್ದುಬಿಟ್ಟ. ಅದು ಒಳಬಾಗಿಲು ದಾಟುವವರೆಗೂ ನೋಡುತ್ತಿದ್ದೆ. ಆ ದೇಶದಲ್ಲಿ ಬೇಡವೆಂದರೆ ಬೇಡವಂತೆ! ಅಷ್ಟರಲ್ಲಿ ಎರಡು ಸಲ ಹಾಕಿಸಿಕೊಂಡಿದ್ದ ವೀರಪ್ಪನವರು ಎಲ್ಲರೆದುರು ಹೇಳಿದರು:

"ಬೀಗರ ಹೊಟ್ಟಿ ಅಗದಿ ಸಣ್ಣದೈತಿ ಬಿಡ್ರಿ. ಗುಬ್ಬಿ ಹೊಟ್ಟಿ!"

ಅದನ್ನೂ ಸಹಿಸುತ್ತಿದ್ದೆ. ಆದರೆ ಜನ ಪರದೇಶದಿಂದ ಚಾಕಲೇಟು ತರುತ್ತಾರೆ. ಈ ಮನುಷ್ಯ ತಂದದ್ದು ಒಂದು ನಿಯಮವನ್ನು. ಮರಳಿ ಬಂದ ಮೇಲೆ ಅವರ ಮನೆಯಲ್ಲಿ ಊಟಕ್ಕೆ ಕುಳಿತು ವಾಡಿಕೆಯಂತೆ ಬೇಡವೆಂದೆ. ರೊಟ್ಟಿಯ ಬುಟ್ಟಿ ಮುಂದಕ್ಕೆ ಹೋಯಿತು. "ವಿಯೆನ್ನಾದಾಗ ಕಲ್ತೀನ್ರಿ. ಬ್ಯಾಡಂದವರಿಗೆ ಒತ್ತಾಯ ಮಾಡಬಾರದು" ಎಂದರು. ಅಂದಿನಿಂದ ಮಗಳ ಮನೆಯಲ್ಲಿ ನಾನು ಹೊಟ್ಟೆ ತುಂಬ ಉಂಡಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಬಾಯಿಬಿಟ್ಟು ಕೇಳುವುದುಂಟೇ? ಬರುವುದನ್ನೇ ಕಡಿಮೆ ಮಾಡಿದೆ.

ಇಂದು ಗಂಗಾ ಚಟ್ನಿ ಕುಟ್ಟುತ್ತಲೇ ಕೇಳಿದಳು: "ಅಪ್ಪಾ, ಅಲ್ಲಿ ಹೆಂಗ್ ಅಡ್ಡಾಡೂದು, ಏನ್ ತಿನ್ನೂದು, ಹೇಳ್ರಿ."

ಹೇಳಿದೆ. ಟ್ರಾಮಿನ ಟಿಕೆಟು ಕೊಂಡರೆ ಸಾಲದು, ಯಂತ್ರಕ್ಕೆ ಕೊಟ್ಟು ಮುದ್ರೆ ಒತ್ತಿಸಬೇಕು. ರವಿವಾರ ಅಂಗಡಿಗಳು ಮುಚ್ಚಿರುತ್ತವೆ. ಹಣ್ಣುಹಂಪಲು ಶನಿವಾರವೇ ತಂದಿಡಬೇಕು. ನಮ್ಮ ದೋಸೆಯಂಥದ್ದನ್ನು ಎಳೆಎಳೆಯಾಗಿ ಹೆಚ್ಚಿ ಹಾಕಿದ ತಿಳಿಸಾರೊಂದು ಬರುತ್ತದೆ. ಕಣ್ಣಿಗೆ ಸಾತ್ವಿಕ, ಕುದಿಸಿದ್ದು ಮಾತ್ರ ದನದ ಎಲುಬಿನಲ್ಲಿ. ಕಾಫಿಯಂಗಡಿಯಲ್ಲಿ ಒಂದು ಕಪ್ಪು ಮುಂದಿಟ್ಟುಕೊಂಡು ಮಧ್ಯಾಹ್ನವೆಲ್ಲ ಕೂತರೂ ಯಾರೂ ಏಳು ಎನ್ನುವುದಿಲ್ಲ.

"ಕುಡಿಯಾಕ ನೀರು ಕೊಡಂಗಿಲ್ಲ ಸುಡುಗಾಡು," ಎಂದರು ಜೋಕಾಲಿಯ ಮೇಲಿದ್ದ ವೀರಪ್ಪನವರು.

"ಕಾಫಿ ಜೋಡಿ ಸಣ್ಣ ಗ್ಲಾಸಿನಾಗ ಕೊಡತಾರ್ರಿ. ನೀವು ಬಟಾಟಿ ನೋಡೂದ್ರಾಗ ನೀರು ನೋಡಲಿಲ್ಲ," ಎಂದು ತಿದ್ದಿ, ಮಗಳ ಕಡೆ ತಿರುಗಿದೆ. "ಮುಖ್ಯದ್ದು ಕೇಳವಾ. ಊಟಕ್ಕ ಬೇಕೇನಂದ ಕೂಡ್ಲೇ ಹೂಂ ಅನ್ನು. ಅಲ್ಲಿ ಯಾರೂ ಎರಡನೇ ಸಲ ಕೇಳಂಗಿಲ್ಲ."

ಗಂಗಾ ಒನಕೆ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಇಲ್ಲೂ ಕೇಳಂಗಿಲ್ಲಲ್ಲಪ್ಪಾ," ಎಂದಳು.

ಜೋಕಾಲಿಯ ಸರಪಳಿಯ ಸದ್ದು ನಿಂತಿತು.

ಮಧ್ಯಾಹ್ನ ಹೋಳಿಗೆಯ ಬುಟ್ಟಿ ಹಿಡಿದು ವೀರಪ್ಪನವರೇ ಬಂದರು. "ಬೀಗರ, ಹೋಳಿಗಿ?" ಮಗಳಿಗೆ ಈಗಷ್ಟೇ ಉಪದೇಶಿಸಿದವನ ನಾಲಿಗೆ ಹಳೆಯ ಚಾಳಿಯಿಂದ ಬೇಡವೆಂದಿತು. ಬುಟ್ಟಿ ಒಂದು ಹೆಜ್ಜೆ ಮುಂದೆ ಹೋಯಿತು, ನಿಂತಿತು, ಹಿಂದೆ ಬಂತು. ಕೈ ಅಡ್ಡ ಹಿಡಿದೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಸರಿಸಿ ಹೋಳಿಗೆ ಇಟ್ಟರು.

"ಬ್ಯಾಡ ಅಂದ್ನಲ್ರೀ!"

"ನಿಮ್ಮನ್ಯಾರು ಕೇಳತಾರ್ರಿ? ಇದೇನ್ ವಿಯೆನ್ನಾ ಏನು? ನನ್ನಾಣಿ ಐತಿ, ಉಣ್ರಿ ಸುಮ್ನ."

ಎರಡನೆಯದು ತಾಟಿಗೆ ಬಿದ್ದಾಗ ತುಪ್ಪವೂ ಬಂತು. ಗಂಗಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೂರನೆಯದು ನನಗೆ ನಿಜವಾಗಿಯೂ ಬೇಡವಾಗಿತ್ತು. ಹಾಗೆಂದು ಕೈಮುಗಿದು ಹೇಳಿದೆ. ಯಾರೂ ನಂಬಲಿಲ್ಲ.