ಅತ್ತೆಗೆ ಬೇಡವೆಂದ ಮಾತು

ಶಿಕ್ಷಕರ ತರಬೇತಿ ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳಾದ್ದರಿಂದ ಆಕೆ ಎಲ್ಲರಿಗೂ ಅಕ್ಕ. ಮದುವೆ, ಮಗು, ಆಸ್ಪತ್ರೆಯ ಚೀಟಿ ಕೌಂಟರಿನ ಕೆಲಸ ಎಲ್ಲ ಕಂಡು, ಟೀಚರಾಗಬೇಕೆಂದು ಹೊರಟವಳು. ಅಂದು ಪಾಠದ ನಡುವೆ ಎದ್ದು ನಿಂತು ಹೇಳಿದಳು: "ಮನೇಲಿ ಎರಡು ಭಾಷೆ ಆಡಿದ್ರೆ ಮಗು ಗೊಂದಲಕ್ಕೆ ಬೀಳತ್ತೆ ಮೇಡಂ. ಮಾತು ತಡವಾಗತ್ತೆ. ನಮ್ಮನೇಲೇ ನೋಡಿದೀನಿ."

ಉಪನ್ಯಾಸಕಿ ಬೋರ್ಡಿನಿಂದ ಮುಖ ತಿರುಗಿಸದೆ, "ಅದು ತಪ್ಪು," ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಆಮೇಲೆ ಅವರು ಕೊಟ್ಟ ಕಾರಣಗಳಲ್ಲಿ ಒಂದೂ ಅಕ್ಕನ ಕಿವಿಗೆ ಬೀಳಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. 'ಎಲ್ಲಾ ಪುಸ್ತಕದ ಬದನೆಕಾಯಿ' ಎಂದು ಗೊಣಗಿಕೊಂಡಳು. ಮರುದಿನ ಮೇಡಂ ಬಾಯಿ ಮುಚ್ಚಿಸಲೇಬೇಕೆಂದು ಲೈಬ್ರರಿಯಲ್ಲಿ ಕೂತು ತನಗೆ ಬೇಕಾದ ಒಂದು ಸಾಲಿಗಾಗಿ ತಡಕಾಡಿದಳು. ಸಿಗಲಿಲ್ಲ. ಪುಟ ತಿರುವಿದಷ್ಟೂ ಮನೆಯದೇ ನೆನಪು. ಮಗನಿಗೆ ಮಾತು ತಡವಾದಾಗ, "ಮಗೂ ಹತ್ರ ನಿಮ್ಮ ಭಾಷೆ ಬೇಡ ಅತ್ತೆ," ಎಂದವಳು ಅವಳೇ. ಬೇರೆ ಸೀಮೆಯಿಂದ ಬಂದ ಅತ್ತೆಗೆ ಈ ಊರಿನ ಮಾತು ಅಷ್ಟಾಗಿ ಬಾರದು. ಅಂದಿನಿಂದ ಮೊಮ್ಮಗನನ್ನು ತಟ್ಟಿ ಮಲಗಿಸುವಾಗಲೂ ಅವರು ತುಟಿ ಬಿಚ್ಚುತ್ತಿರಲಿಲ್ಲ.

ಕೊನೆಗೆ ತಡೆಯಲಾರದೆ ಸ್ಟಾಫ್ ರೂಮಿಗೇ ಹೋದಳು. "ನಾನು ಹೇಳಿದ್ದು ಸರಿ ಅಂತ ಎಲ್ಲಾದ್ರೂ ಬರೆದಿದ್ಯಾ ಮೇಡಂ?"

ಉಪನ್ಯಾಸಕಿ ಕುರ್ಚಿ ಎಳೆದರು. "ಕೂತ್ಕೊಳ್ಳಿ. ಅವತ್ತು ನಾನು ಕಡ್ಡಿ ಮುರಿದ ಹಾಗೆ ಹೇಳಬಾರದಿತ್ತು. ಮನೇಲಿ ಏನಾಯ್ತು?"

ಅಕ್ಕ ಎಲ್ಲವನ್ನೂ ಹೇಳಿಕೊಂಡಳು. ಮಕ್ಕಳು ಎರಡು ಭಾಷೆಯನ್ನು ಬೆರೆಸುತ್ತಾರೆ, ಆಡುತ್ತಾ ಆಡುತ್ತಾ ಬೇರ್ಪಡಿಸಿಕೊಳ್ಳುತ್ತಾರೆ, ಮಾತು ತಡವಾಗಲು ಕಾರಣ ಅದಲ್ಲ ಎಂದು ಮೇಡಂ ವಿವರಿಸಿದರು. ಈ ಸಲ ಪ್ರತಿ ಮಾತೂ ಒಳಗಿಳಿಯಿತು. ಇಳಿದದ್ದು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು.

ಮನೆಯಲ್ಲಿ ಅತ್ತೆ ಬಟ್ಟೆ ಮಡಚುತ್ತಿದ್ದರು.

"ಅತ್ತೆ, ನಾನು ಅಂದಿದ್ದು ತಪ್ಪಾಯ್ತು. ಅವನ ಹತ್ರ ನಿಮ್ಮ ಭಾಷೇಲೇ ಮಾತಾಡಿ."

ಅತ್ತೆ ತಲೆ ಎತ್ತಲಿಲ್ಲ. "ಅವತ್ತು ಬೇಡ. ಇವತ್ತು ಬೇಕು. ನಾಳೆ?"

ಆಮೇಲೂ ಕೆಲವು ದಿನ ಅವರು ಮೊಮ್ಮಗನನ್ನು ಹಿಂದಿನಂತೆಯೇ ಬರಿದೇ ತಟ್ಟಿ ಮಲಗಿಸಿದರು. ಅಕ್ಕ ಸುಮ್ಮಸುಮ್ಮನೆ ಪಾತ್ರೆ ಜೋಡಿಸುವಳು, ಮತ್ತೆ ತೆಗೆಯುವಳು.

ಒಂದು ಮಧ್ಯಾಹ್ನ ಅತ್ತೆ ಮೊಮ್ಮಗನತ್ತ ಬಾಗಿ ತಮ್ಮ ಭಾಷೆಯಲ್ಲಿ ಏನೋ ಅಂದರು. ಅವನು ತಿರುಗಿ ಅಮ್ಮನ ಮುಖ ನೋಡಿದ, ಅಪ್ಪಣೆ ಕೇಳುವವನಂತೆ. ಅವಳು ಹೂಂ ಎಂದು ತಲೆಯಾಡಿಸಿದಳು. ಹುಡುಗ ಅಜ್ಜಿಯ ಮಾತನ್ನು ತಪ್ಪುತಪ್ಪಾಗಿ ಅಂದ, ಅಜ್ಜಿ ತಿದ್ದಿದರು, ಅವನು ಮತ್ತೆ ತಪ್ಪಿದ, ಇಬ್ಬರೂ ನಕ್ಕರು.

"ಏನಂದ್ರಿ?" ಎಂದು ಅಕ್ಕ ಬಾಗಿಲಿಂದ ಕೇಳಿದಳು. ಇಬ್ಬರೂ ಹೇಳದೆ ಮತ್ತೆ ನಕ್ಕರು.